ಹಡಗಿನ ಕೋಳಿ

ಮತ್ತೊಂದು ಕೋಳಿ ತುಂಡಿಗೆ ಮೆತ್ತಿದ ರಸ್ಕಿನ ಹುಡಿಯೂ ಎಣ್ಣೆಗೆ ಬಿದ್ದ ಕೂಡಲೇ ಕಳಚಿಕೊಂಡು ಬಾಣಲೆಯ ತಳ ಸೇರಿತು. ಕೋಳಿ ಬೋಳಾಗಿ ತೇಲಿತು. ವಾಸು ಅದನ್ನು ಸಟ್ಟುಗದಿಂದ ಮಗುಚಿ ನೋಡಿ, "ಈ ಸ್ಟೌವಿನ ಉರಿ ಸರಿ ಇಲ್ಲ" ಎಂದ.

ಸ್ವಲ್ಪ ಹೊತ್ತಿನ ಮೊದಲು ಎಣ್ಣೆ ಸರಿ ಇರಲಿಲ್ಲ. ಅದಕ್ಕೂ ಮೊದಲು ರಸ್ಕ್ ಮೆತ್ತಗಾಗಿತ್ತು. ರತ್ನಾವತಿ ಪ್ರತಿ ಸಲವೂ ಬಾಣಲೆ ಇಳಿಸಿ, ಎಣ್ಣೆ ಸೋಸಿ, ತಳಕ್ಕೆ ಹಿಡಿದ ಕರಿಯನ್ನು ಕೆರೆದು ಗಂಡನ ಮುಂದೆ ಮತ್ತೆ ಇಡುತ್ತಿದ್ದಳು. ಅಡುಗೆಮನೆ ತುಂಬ ಹೊಗೆ. ಅಂಗಳದಲ್ಲಿ ಎರಡು ಹುಂಜಗಳಿದ್ದರೂ ಇವನು ಬೆಳಿಗ್ಗೆ ಎದ್ದು ಕೊಯ್ದದ್ದು ಮೊಟ್ಟೆಯಿಡುವ ಕೆಂಪು ಹೇಂಟೆಯನ್ನು. ಅದಕ್ಕೂ ಅವಳು ಬಾಯಿ ಬಿಟ್ಟಿರಲಿಲ್ಲ.

ಬಿಡದಿರಲು ಕಾರಣ ಇತ್ತು. ವಾಸುವಿನ ಅಕ್ಕನ ಗಂಡ ಅಂಗಾರ ತನ್ನ ಮೀನು ವ್ಯಾಪಾರವನ್ನು ಮಗನಿಗೆ ವಹಿಸಿ ಮಣಿಪಾಲದಲ್ಲಿ ಹೋಟೆಲು ತೆರೆಯುವವನಿದ್ದ. ಅಲ್ಲಿಯ ಹಾಸ್ಟೆಲುಗಳ ಹುಡುಗರಿಗೆ ಗಸಿ, ಸುಕ್ಕದಂಥ ಊರ ಪದಾರ್ಥ ಸಾಕಾಗಿದೆಯಂತೆ, ಹುಡಿ ಮೆತ್ತಿ ಕರಿದ ಕೋಳಿ ಬೇಕಂತೆ. ಸರಕು ಹಡಗಿನಲ್ಲಿ ಅಡುಗೆಯವನಾಗಿರುವ ಬಾಮೈದ ಇರುವಾಗ ಬೇರೆಯವರೇಕೆ ಎಂದು, ಇವತ್ತು ಮಧ್ಯಾಹ್ನ ಕಾಪುವಿನ ಇವರ ಮನೆಗೇ ಬಂದು ರುಚಿ ನೋಡುತ್ತೇನೆಂದಿದ್ದ. ಅವನು ಒಪ್ಪಿದರೆ ವಾಸು ಮತ್ತೆ ಹಡಗು ಹತ್ತಬೇಕಾಗಿರಲಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವ ಗಂಡನನ್ನು ಕಾಯುವುದು ರತ್ನಾವತಿಗೂ ಸಾಕಾಗಿತ್ತು.

"ಹಡಗಿನಲ್ಲಿ ಹೇಗೆ ಮಾಡ್ತಿದ್ರಿ, ಹಾಗೇ ಮಾಡಿ" ಎಂದಳು.

"ಹಾಗೇ ಮಾಡುದು ನಾನು. ಉಪ್ಪು ಖಾರ ಹಚ್ಚುದು, ಹುಡಿಯಲ್ಲಿ ಹೊರಳಿಸುದು, ಎಣ್ಣೆಗೆ ಬಿಡುದು."

"ನಡುವೆ ಎಂತ ಇಲ್ವಾ?"

"ನಡುವೆ ಎಂತದ್ದು?"

ರತ್ನಾವತಿ ಕೆರೆಯುವುದನ್ನು ನಿಲ್ಲಿಸಿದಳು. ಪಕ್ಕದ ಮನೆಯ ರೋಸಿಬಾಯಿಯ ಮಗಳ ಮದುವೆಯಲ್ಲಿ ತಾನೇ ಒಲೆಯ ಮುಂದೆ ಕೂತು ಬುಟ್ಟಿಗಟ್ಟಲೆ ಕಟ್ಲೆಟ್ ಕರಿದಿದ್ದಳು. "ಮೊಟ್ಟೆ" ಎಂದಳು. "ಮೊಟ್ಟೆ ಕಲಕಿ, ಅದರಲ್ಲಿ ಅದ್ದಿ, ಆಮೇಲೆ ಹುಡಿ. ಇಲ್ಲದಿದ್ರೆ ಹುಡಿ ಎಂತಕ್ಕೆ ಅಂಟಿಕೊಳ್ಳುದು? ನಿಮ್ಮ ಮೇಲಿನ ಪ್ರೀತಿಗಾ?"

ವಾಸು ಸ್ಟೌವಿನ ಉರಿ ಸಣ್ಣ ಮಾಡಿದ. ಅದು ಮೊದಲೇ ಸಣ್ಣದಿತ್ತು.

"ಹಡಗಿನಲ್ಲಿ ನೀವು ಎಂತ ಕೆಲಸ ಮಾಡುದು, ಸರಿ ಹೇಳಿ."

"ಪಾತ್ರೆ ತೊಳೆಯುದು" ಎಂದ ವಾಸು. "ಒಲೆಯ ಹತ್ತಿರ ನಮ್ಮನ್ನು ಬಿಡುದಿಲ್ಲ. ತೊಟ್ಟಿಯ ಹತ್ತಿರ ನಿಂತರೆ ಹುಡಿಯಲ್ಲಿ ಹೊರಳಿಸುದು ಕಾಣ್ತದೆ. ಅದರ ಮೊದಲು ಎಂತ ಮಾಡ್ತಾರೆ ಅಂತ ಕಾಣುದಿಲ್ಲ. ಅಡುಗೆಯವನ ಬೆನ್ನು ಅಡ್ಡ."

ರತ್ನಾವತಿಗೆ ಕೈಯಲ್ಲಿದ್ದ ಬಾಣಲೆಯನ್ನು ಎಲ್ಲಿಗಾದರೂ ಎಸೆಯಬೇಕು ಅನ್ನಿಸಿತು. ಎರ್ಮಾಳಿನ ತವರುಮನೆಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಎಲ್ಲ ಕಡೆ ನನ್ನ ಗಂಡ ಹಡಗಿನ ಅಡುಗೆಯವ ಎಂದು ಹೇಳಿಕೊಂಡು ತಿರುಗಿದ್ದಳು. ಅವನ ಬೆರಳ ಸಂದಿಯ ಬಿಳಿ ಒಡಕುಗಳನ್ನು ಸಮುದ್ರದ ಉಪ್ಪಿನದೆಂದು ತಿಳಿದು, ಬಂದಾಗಲೆಲ್ಲ ತೆಂಗಿನೆಣ್ಣೆ ತಿಕ್ಕಿದ್ದಳು. ಬಾಯಿಗೆ ಬಂದ ಮಾತು ಬಹಳ ಇತ್ತು. ಆದರೆ ಅಂಗಾರ ಬರುವ ಹೊತ್ತಾಗಿತ್ತು.

"ಜಗಳ ಆಮೇಲೆ. ಈಗ ಅತ್ತ ಸರಿಯಿರಿ" ಎಂದು ಗಂಡನನ್ನು ಮೊಣಕೈಯಿಂದ ತಳ್ಳಿದಳು. ಬೆಳಿಗ್ಗೆ ಹೇಂಟೆಯನ್ನು ಕೊಯ್ದು ತೊಳೆಯುವಾಗ ಅದರ ಹೊಟ್ಟೆಯೊಳಗೆ ಇಡಲು ತಯಾರಾಗಿದ್ದ ಒಂದು ಮೊಟ್ಟೆ ಸಿಕ್ಕಿತ್ತು. ಮನಸ್ಸು ಕಹಿಯಾಗಿ ಅದನ್ನು ತೆಂಗಿನ ಗೆರಟೆಯಲ್ಲಿ ಬದಿಗಿಟ್ಟಿದ್ದಳು. ಈಗ ಒಡೆದು, ತುಸು ನೀರು ಹಾಕಿ ಕಲಕಿದಳು. ಉಳಿದ ತುಂಡುಗಳನ್ನು ಒಂದೊಂದಾಗಿ ಅದ್ದಿ, ಹುಡಿಯಲ್ಲಿ ಒತ್ತಿ, ಎಣ್ಣೆಗೆ ಬಿಟ್ಟಳು. ಹುಡಿ ಅಂಟಿಕೊಂಡೇ ಕೆಂಪಗಾಯಿತು. ವಾಸು ಗೋಡೆಗೊರಗಿ ನೋಡುತ್ತಿದ್ದ.

ಅಂಗಾರ ಚಾವಡಿಯಲ್ಲಿ ಕೂತು ಮೊದಲ ತುಂಡು ಮುಗಿಸಿದ. ಎರಡನೆಯದು ಅರ್ಧವಾದಾಗ, "ಬರುವ ತಿಂಗಳಿಂದಲೇ ಬಾ ಮಾರಾಯ" ಎಂದ. "ಹಡಗಿನವನ ಕೈ ಅಂದ್ರೆ ಹಡಗಿನವನ ಕೈ."

ವಾಸು ಕೂರದೆ ನಿಂತಿದ್ದ. "ಬಾವ, ಇದು ನಾನು ಮಾಡಿದ್ದಲ್ಲ. ರತ್ನಾವತಿ ಮಾಡಿದ್ದು. ನಾನು ಮಾಡಿದ್ದು ಎಲ್ಲ ಕರಟಿಹೋಯಿತು."

"ಹೆಂಡತಿಯನ್ನು ಖುಷಿ ಮಾಡುದು ಆಮೇಲೆ."

"ಅಲ್ಲ ಬಾವ. ಹಡಗಿನಲ್ಲಿ ನಾನು ಪಾತ್ರೆ ತೊಳೆಯುವವ. ಅಡುಗೆ ನನಗೆ ಬರುದಿಲ್ಲ."

ಅಂಗಾರ ಎಲುಬು ಚೀಪುತ್ತ ನಕ್ಕ. "ದೊಡ್ಡ ಅಡುಗೆಯವರೆಲ್ಲ ಹೀಗೇ ಹೇಳುದು. ಗುಟ್ಟು ಬಿಡಬಾರದಲ್ಲ. ಮೀನಿನ ಗಸಿಯಾದರೆ ನಂಬುತ್ತಿದ್ದೆ. ಇದು ಹೆಂಗಸರ ಕೈಯಲ್ಲಿ ಆಗುವಂಥದ್ದಾ?"

ವಾಸು ಬಾಗಿಲ ಕಡೆ ನೋಡಿದ. ಬಟ್ಟಲು ಹಿಡಿದು ಅಲ್ಲಿ ನಿಂತಿದ್ದ ರತ್ನಾವತಿ ಗಂಡನ ಮುಖವನ್ನೊಮ್ಮೆ, ಅಂಗಾರನ ಮುಖವನ್ನೊಮ್ಮೆ ನೋಡಿದಳು. ಬೆಳಗಿನಿಂದ ಅವಳು ಒಂದು ತುತ್ತೂ ತಿಂದಿರಲಿಲ್ಲ. ಗಂಡಸರು ಉಂಡು ಏಳುವ ಮೊದಲು ಆ ಮನೆಯಲ್ಲಿ ಯಾವ ಹೆಂಗಸೂ ತಿಂದದ್ದಿಲ್ಲ.

"ಇನ್ನೊಂದು ತುಂಡು ಉಂಟಾ?" ಎಂದು ಅಂಗಾರ ತಟ್ಟೆ ಚಾಚಿದ.

"ಉಂಟು" ಎಂದಳು ರತ್ನಾವತಿ. ಬಟ್ಟಲಲ್ಲಿ ಉಳಿದಿದ್ದ ಒಂದೇ ತುಂಡನ್ನು ಎತ್ತಿ, ನಿಂತಲ್ಲೇ ಕಚ್ಚಿದಳು. ಗರಿಗರಿಯಾದ ಹುಡಿ ಮುರಿದ ಸದ್ದು ಚಾವಡಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅಂಗಾರನ ತಟ್ಟೆ ಚಾಚಿದಂತೆಯೇ ಇತ್ತು.