ಕೊನೆಯ ಗುಟುಕು

ಪೀಣ್ಯದಲ್ಲಿ ಯಂತ್ರದ ಬೆಲೆ ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿ. ಮರದ ಪೆಟ್ಟಿಗೆಯಲ್ಲಿ ಕಟ್ಟಿಸಿ ಮೊಂಬಾಸಾದ ಹಡಗು ಹತ್ತಿಸಿದ್ದಕ್ಕೆ ನಲವತ್ತೇಳು ಸಾವಿರ. ತಪಾಸಣೆಯ ಸರ್ಟಿಫಿಕೇಟಿಗೆ ಇಪ್ಪತ್ತೆರಡು. ಬಂದರಿನ ತೆರಿಗೆ ನಲವತ್ತೊಂದು; ಯಾವುದೋ ಒಂದು ಕಾಗದ ಕಡಿಮೆ ಬಿದ್ದು ಹನ್ನೊಂದು ದಿನ ಅಲ್ಲೇ ಕೂತಿದ್ದಕ್ಕೆ ಬಾಡಿಗೆ ಹದಿನಾಲ್ಕು. ಅಲ್ಲಿಂದ ನೈರೋಬಿಗೆ ಲಾರಿ ಹತ್ತೊಂಬತ್ತು. ಒಟ್ಟು ಮೂರು ಲಕ್ಷದ ಮೂರು ಸಾವಿರ. ಅದೇ ಊರಿನ ಹರ್ಲಿಂಗ್‌ಹ್ಯಾಮಿನ ಆಫೀಸುಗಳಿಗೆ ಹದಿನೆಂಟು ವರ್ಷ ಊಟದ ಡಬ್ಬಿ ಕಳಿಸಿ ಚಂದ್ರಿಕಾ ಉಳಿಸಿದ್ದ ಹಣ ಅಷ್ಟೂ, ಈಗ ರಾಗಿಯಿಂದ ಕಲ್ಲು ಬೇರ್ಪಡಿಸುವ ಒಂದು ಯಂತ್ರವಾಗಿ ಕಸರಾನಿಯ ಬಾಡಿಗೆ ಶೆಡ್ಡಿನಲ್ಲಿ ನಿಂತಿತ್ತು. ಗಿರಾಕಿಯೂ ಒಬ್ಬಳೇ: ಗಂಜಿ ಹಿಟ್ಟು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ ಹೆಲನ್. ಅವಳು ಬೇಡವೆಂದರೆ ವ್ಯಾಪಾರ ಶುರುವಾಗುವ ಮೊದಲೇ ಮುಗಿದಂತೆ.

ಹೆಲನ್ ತಾನೇ ಒಂದು ಮೂಟೆ ರಾಗಿ ತಂದಿದ್ದಳು. ನೆಲದ ಮೇಲೆ ಬಡಿದು ಒಕ್ಕಿದ, ಮರಳು ಬೆರೆತ ಸಣ್ಣ ಕಾಳು. ಯಂತ್ರ ತಯಾರಿಸಿದ ಕಂಪನಿಯಿಂದ ಬಂದಿದ್ದ ಇಂಜಿನಿಯರ್ ಕಿಶೋರ್ ಚಂದ್ರಿಕಾಳ ಅಕ್ಕನ ಮಗನೇ. ಅವನು ಸ್ವಿಚ್ ಒತ್ತಿದ. ಇಳಿಜಾರಾದ ಜರಡಿ ಗಡಗಡ ಅಲುಗಿ, ಒಂದು ಕಡೆಯಿಂದ ಕಲ್ಲು ಬಿತ್ತು, ಇನ್ನೊಂದು ಕಡೆಯಿಂದ ಕಾಳು. ಪಕ್ಕದ ಗಿರಣಿಯಲ್ಲಿ ಬೀಸಿಸಿಕೊಂಡು ಬಂದ ಹಿಟ್ಟಿನಲ್ಲಿ ಹೆಲನ್ ಅಲ್ಲೇ ಇದ್ದಿಲೊಲೆಯ ಮೇಲೆ ಗಂಜಿ ಕಾಯಿಸಿದಳು. ಗಾಜಿನ ಲೋಟಕ್ಕೆ ಸುರಿದು, ಆರಿಸಿ, ನಿಧಾನವಾಗಿ ಕುಡಿದಳು.

“ಒಳ್ಳೆ ಯಂತ್ರ. ಅಸಾಂಟೆ, ಥ್ಯಾಂಕ್ಸ್. ನಾನೇ ಫೋನ್ ಮಾಡ್ತೀನಿ,” ಎಂದು ನಗುತ್ತಾ ಲೋಟ ಕೆಳಗಿಟ್ಟು ಬಾಗಿಲ ಕಡೆ ನಡೆದಳು.

“ಸೂಪರ್ ಚಿಕ್ಕಮ್ಮ! ಆಲ್‌ಮೋಸ್ಟ್ ಡೀಲ್ ಆದಂಗೆ,” ಎಂದ ಕಿಶೋರ್.

“ಮುಳುಗಿದಂಗೆ ಕಣೋ. ಇಲ್ಲಿ ಯಾರೂ ಮುಖದ ಮೇಲೆ ಬೇಡ ಅನ್ನಲ್ಲ, ಫೋನ್ ಮಾಡ್ತೀನಿ ಅಂತಾರೆ. ನನ್ನ ಡಬ್ಬಿ ಬಿಟ್ಟೋರೆಲ್ಲ ಇವತ್ತಿಗೂ ಫೋನ್ ಮಾಡೋದ್ರಲ್ಲೇ ಇದ್ದಾರೆ.” ಚಂದ್ರಿಕಾ ಲೋಟವನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಕಪ್ಪಗೆ ಒಂದು ಚಿಟಿಕೆ ಮರಳು. ಬೆರಳಲ್ಲಿ ತೆಗೆದು ಹಲ್ಲಿಗೆ ಹಾಕಿಕೊಂಡಳು. ಕರಕರ ಎಂದಿತು. “ನಿಮ್ಮ ಫ್ಯಾಕ್ಟರೀಲಿ ಹಿಟ್ಟು ಟೆಸ್ಟ್ ಮಾಡಿದ್ದು ಹೇಗೆ?”

“ಮುದ್ದೆ ಮಾಡಿಸಿದ್ವಿ. ನಲವತ್ತು ಜನ ಸ್ಟಾಫು ಉಪ್ಪೆಸರು ಹಾಕ್ಕೊಂಡು ಹೊಡೆದ್ವಿ. ಒಬ್ರೂ ಕಂಪ್ಲೇಂಟ್ ಹೇಳ್ಲಿಲ್ಲ.”

“ಹೇಗೆ ಹೇಳ್ತಾರೆ? ಮುದ್ದೇನ ಯಾರಾದ್ರೂ ಅಗೀತಾರೇನೋ?”

“ಇಲ್ಲ... ನುಂಗ್ತೀವಿ.”

“ನಾವು ನುಂಗೋರು. ಇವರು ಕೊನೇ ಗುಟುಕಿನವರೆಗೂ ಕುಡಿಯೋರು. ಅದೂ ಮಕ್ಕಳಿಗೆ ಕುಡಿಸೋರು.”

ಅಷ್ಟು ಹೇಳಿ ಚಂದ್ರಿಕಾ ಗೇಟಿನವರೆಗೆ ಓಡಿದಳು. ಹೆಲನ್ ಆಗಲೇ ಮಟಾಟು ವ್ಯಾನಿಗೆ ಕೈ ಅಡ್ಡ ಹಿಡಿದಿದ್ದಳು.

“ಹೆಲನ್, ಗಂಜೀಲಿ ಮರಳಿದೆ. ನಾನೂ ನೋಡಿದೆ. ಒಂದು ಗಂಟೆ ಕೊಡಿ.”

ಹೆಲನ್ ಕೈ ಇಳಿಸಿದಳು. “ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ.”

“ಬೇಜಾರು ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ. ಬನ್ನಿ, ಕೂತ್ಕೊಳ್ಳಿ.”

ಚಂದ್ರಿಕಾ ಒಳಗೆ ಬಂದವಳೇ ಯಂತ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಮೊರದಲ್ಲಿ ಕೇರೋವಾಗ ಕೈ ಜೋರು ಮಾಡಿದ್ರೆ ಮರಳೂ ಕಾಳಿನ ಜೊತೇಲೇ ಬಂದ್ಬಿಡುತ್ತೆ. ಇದೂ ಒಂದು ಮೊರ ತಾನೆ? ಗಾಳಿ ಕಮ್ಮಿ ಮಾಡು. ಇಳಿಜಾರು ತಗ್ಗಿಸು. ಕಾಳು ನಿಧಾನಕ್ಕೆ ಸುರಿ.”

“ಹಂಗ್ ಮಾಡಿದ್ರೆ ಗಂಟೆಗೆ ಐನೂರು ಕಿಲೊ ಬರಲ್ಲ ಚಿಕ್ಕಮ್ಮ. ಬ್ರೋಷರ್‌ನಲ್ಲಿ ಐನೂರು ಅಂತ ಪ್ರಿಂಟಾಗಿದೆ.”

“ಬ್ರೋಷರ್ ಯಾರೂ ಕುಡಿಯಲ್ಲ. ಸ್ಪ್ಯಾನರ್ ತಗೋ.”

ಮೊದಲ ಸಲ ಕಾಳೂ ಕಲ್ಲಿನ ಕಡೆಗೆ ಹೋಯಿತು. ಎರಡನೆಯ ಸಲ ಜರಡಿಯ ಮೇಲೆ ಎಲ್ಲ ಸುಮ್ಮನೆ ಕುಣಿಯುತ್ತಾ ನಿಂತುಬಿಟ್ಟಿತು. ಹೆಲನ್ ಚಪ್ಪಾಳೆ ತಟ್ಟಿ ನಕ್ಕಳು. ಮೂರನೆಯ ಸಲಕ್ಕೆ ಕಲ್ಲಿನ ಡಬ್ಬಿಗೆ ಸಣ್ಣ ಮರಳು ಸರಸರ ಇಳಿಯತೊಡಗಿತು. ಕಿಶೋರನ ಅಂಗಿ ಬೆವರಲ್ಲಿ ತೊಯ್ದಿತ್ತು. ಒಂದು ನಿಮಿಷಕ್ಕೆ ಬಿದ್ದ ಕಾಳು ತೂಗಿ, ಗಂಟೆಯ ಲೆಕ್ಕವನ್ನು ಅವನು ಚಿಕ್ಕಮ್ಮನಿಗೆ ತೋರಿಸಿದ. ಮೊದಲಿನ ಮರಳು ಉಳಿಯದಂತೆ ಗಿರಣಿಯನ್ನು ಗುಡಿಸಿ ಒರೆಸಿದ ಮೇಲೆಯೇ ಚಂದ್ರಿಕಾ ಕಾಳು ಬೀಸಲು ಬಿಟ್ಟಳು.

ಹೆಲನ್ ಮತ್ತೆ ಗಂಜಿ ಕಾಯಿಸಿದಳು. ಕುಡಿದಳು. ಖಾಲಿ ಲೋಟಕ್ಕೆ ನೀರು ಹಾಕಿ ಅಲುಗಿಸಿ ಅಂಗೈಗೆ ಸುರಿದುಕೊಂಡಳು. ಅಂಗೈಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

“ಗಂಟೆಗೆ ಎಷ್ಟು ಬರುತ್ತೆ?” ಎಂದಳು.

ಕಿಶೋರ್ ಚಿಕ್ಕಮ್ಮನ ಮುಖ ನೋಡಿದ.

“ಮುನ್ನೂರಿಪ್ಪತ್ತು,” ಎಂದಳು ಚಂದ್ರಿಕಾ. “ಐನೂರು ಅಂತ ಬರೆದಿದ್ದಾರೆ. ಬರಲ್ಲ.”

“ಹೋದ ವಾರ ಇನ್ನೊಬ್ಬ ಯಂತ್ರ ಮಾರೋನು ಬಂದು ಆರುನೂರು ಅಂದ. ಗಂಜಿ ಕಾಯಿಸಿ ನೋಡ್ತೀನಿ ಅಂದೆ, ಗಡಿಯಾರ ನೋಡ್ಕೊಂಡ.” ಹೆಲನ್ ಒದ್ದೆ ಕೈಯನ್ನೇ ಮುಂದೆ ಚಾಚಿದಳು. “ನಮ್ಮ ಸಂಘದ್ದು ಆರು ಗಿರಣಿ. ಆರಕ್ಕೂ ಒಂದೊಂದು ಬೇಕು. ಅರ್ಧ ಹಣ ನಾಳೆ ಬೆಳಿಗ್ಗೆ. ಸವಾ?”

“ಸವಾ!” ಚಂದ್ರಿಕಾಳಿಗಿಂತ ಮೊದಲು ಕಿಶೋರನೇ ಕೂಗಿದ.

ಆ ದಿನ ಗಳಿಸಿದ್ದು ಆರು ಯಂತ್ರಗಳ ಆರ್ಡರು. ಕಳೆದುಕೊಂಡದ್ದು ಗಂಟೆಗೆ ನೂರೆಂಬತ್ತು ಕಿಲೊ. ಬ್ರೋಷರ್ ಬಿಟ್ಟರೆ ಅದು ಮೊದಲೂ ಎಲ್ಲೂ ಇರಲಿಲ್ಲ.