ಮುಚ್ಚಳದ ಮೇಲಿನ ಹೆಸರು

ಎಂಬತ್ತು ದಾಟಿದ ಫಾದರ್ ಗಾಸ್ಪರ್ ತಮಗೊಂದು ಶವಪೆಟ್ಟಿಗೆ ಮಾಡಿಡಲು ಹೇಳಿದಾಗ ಬಡಗಿ ಪಾವ್ಲು ಒಳ್ಳೆಯ ಹಲಸಿನ ಮರವನ್ನೇ ಆರಿಸಿದ್ದ. ಆ ಪೆಟ್ಟಿಗೆಯನ್ನು ಅವರು ದಿಕ್ಕಿಲ್ಲದೆ ಸತ್ತ ಮುದುಕಿಯೊಬ್ಬಳಿಗೆ ಕೊಟ್ಟುಬಿಟ್ಟರು. ಎರಡನೆಯದು ಒಬ್ಬ ಹಮಾಲಿಯ ಪಾಲಾಯಿತು. ಮೂರನೆಯದು ಪಾಲಿಶ್ ಒಣಗುವ ಮೊದಲೇ ಮಣ್ಣು ಸೇರಿತು.

ಪಾವ್ಲುವಿಗೆ ತಲೆ ಕೆಟ್ಟುಹೋಯಿತು. ಇನ್ನು ಯಾರಿಗೆ ಕೊಡುತ್ತಾರೋ ನೋಡೇಬಿಡೋಣ ಎಂದು ನಾಲ್ಕನೆಯದರ ಮುಚ್ಚಳದ ಮೇಲೆ ಉಳಿ ಹಿಡಿದು ‘ಫಾದರ್ ಗಾಸ್ಪರ್’ ಎಂದು ಆಳವಾಗಿ ಕೆತ್ತಿದ.

ತಿಂಗಳು ಬಿಟ್ಟು ಚರ್ಚಿಗೆ ಹೋದರೆ, ಪೆಟ್ಟಿಗೆ ಇಟ್ಟಿದ್ದ ಮೂಲೆ ಖಾಲಿ. ಹಿಂದಿನ ಸ್ಮಶಾನದಲ್ಲಿ ಫಾದರ್ ಹೊಸ ಗುಂಡಿಯೊಂದಕ್ಕೆ ಮಣ್ಣು ಎಳೆಯುತ್ತಿದ್ದರು.

“ಎಂತ ಫಾದರ್ ಇದು? ಇನ್ನು ಎಷ್ಟು ಮಾಡಿ ಸಾಯುವುದು ನಾನು?”

“ಅವ ಬಸ್‌ಸ್ಟ್ಯಾಂಡಲ್ಲಿ ಸತ್ತದ್ದು ಮಾರಾಯ. ಪೊಲೀಸರು ಒಂದು ವಾರ ಕಾದರು, ಕೇಳಿಕೊಂಡು ಯಾರೂ ಬರ್ಲಿಲ್ಲ.”

“ಮುಚ್ಚಳದ ಮೇಲೆ ನಿಮ್ಮ ಹೆಸರಿತ್ತಲ್ಲ! ಅದನ್ನಾದರೂ ಕೆರೆದು ತೆಗೆದಿರಾ?”

ಫಾದರ್ ಕೈಯ ಮಣ್ಣು ಕೊಡವಿಕೊಂಡರು.

“ಯಾಕೆ ತೆಗೆಯುವುದು? ಅವನ ಹೆಸರು ಯಾರಿಗೂ ಗೊತ್ತಿರ್ಲಿಲ್ಲ ಪಾವ್ಲು. ನನ್ನದನ್ನೇ ಕೊಟ್ಟೆ.”