ಮುಂದಿನ ಗುರುವಾರದ ಪ್ರೋಗ್ರಾಂ

ಐದನೆಯ ಸಲವೂ ಪ್ರಿಂಟರು ಕಿರ್ರೆಂದು ಅದೇ ಚೀಟಿ ಕಕ್ಕಿತು: ರಾಘವೇಂದ್ರ ಪದಕಿ, ವಯಸ್ಸು ಅರವತ್ತಾರು, ಎಡಗಣ್ಣು. ದ್ವಾರಕಾ ಚೀಟಿ ನೋಡಿದಳು, ಹಿಂದೆ ಕುರ್ಚಿಯಲ್ಲಿ ಕೂತಿದ್ದ ಮಾವ ರಾಘವೇಂದ್ರರಾಯರ ಮುಖ ನೋಡಿದಳು. ಪೊರೆ ಬಂದದ್ದು ಅವರ ಬಲಗಣ್ಣಿಗೆ.

ನಾಳೆ ಬೆಳಿಗ್ಗೆ ಅಕ್ಕಲಕೋಟೆಯಲ್ಲಿ ಕಣ್ಣಿನ ಶಿಬಿರ. ನಲವತ್ಮೂರು ಮಂದಿಗೆ ಪೊರೆ ತೆಗೆಯುವುದಿತ್ತು; ಅವರ ಹೆಸರು ಬರೆದುಕೊಂಡು ಬಂದವರು ರಾಯರೇ, ಆ ನಲವತ್ಮೂರರಲ್ಲಿ ತಾವೂ ಒಬ್ಬರು. ಹೋದ ವರ್ಷ ಕೈಬರಹದ ಚೀಟಿ ಓದಲಾಗದೆ ಡಾಕ್ಟರು ಸಾಕಷ್ಟು ಪೇಚಾಡಿದ್ದರಂತೆ. ಈ ಸಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ, ಒಂದೂ ತಪ್ಪು ಬರುವುದಿಲ್ಲ ಎಂದು ದ್ವಾರಕಾ ಎದೆ ತಟ್ಟಿ ಹೇಳಿ ಬಂದಿದ್ದಳು. ವಿಜಾಪುರ ರಸ್ತೆಯ ಕ್ಲಾಸಿನಲ್ಲಿ ಎರಡು ವರ್ಷ ಕಲಿತ ವಿದ್ಯೆಗೆ ಸಿಕ್ಕ ಮೊದಲ ಕೆಲಸ ಅದು. ನಾಲ್ಕು ಗಂಟೆಯ ಬಸ್ಸಿಗೆ ರಾಯರು ಚೀಟಿಗಳ ಸಮೇತ ಹೊರಡಬೇಕು. ಗಂಟೆ ಆಗಲೇ ಎರಡು ದಾಟಿತ್ತು.

ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಒಂದು ಒತ್ತಿದರೆ ಬಲ, ಎರಡು ಒತ್ತಿದರೆ ಎಡ ಎಂದು ಬರೆಯಬೇಕಾದಲ್ಲಿ ಗಡಿಬಿಡಿಯಲ್ಲಿ ತಿರುವುಮುರುವು ಬರೆದಿದ್ದಳು. ಅದಲುಬದಲು ಮಾಡಿ ಕಂಪೈಲರಿಗೆ ಕೊಟ್ಟಳು. ಪುಣೆಯಿಂದ ಹನ್ನೊಂದು ಫ್ಲಾಪಿಗಳಲ್ಲಿ ಬಂದ ಹೊಸ ಕಂಪೈಲರು, ನಿನ್ನೆಯಷ್ಟೇ ಹಾಕಿದ್ದು. ನಾವು ಬರೆದ ಕೋಡಿನಿಂದ ಓಡುವ ಪ್ರೋಗ್ರಾಂ ಮಾಡಿಕೊಡುವುದು ಅದರ ಕೆಲಸ. ನಿನ್ನೆ ರಾತ್ರಿ ಚೀಟಿಯ ಪ್ರೋಗ್ರಾಮನ್ನು ಅದರಲ್ಲೇ ಮೊದಲ ಸಲ ಕಟ್ಟಿಸಿದ್ದಳು. ಇಂದು ಅದು ಎಲ್ಲ ಸರಿಯಾಗಿದೆ ಎಂದು ಒಂದು ಸಾಲು ತೋರಿಸಿ ಸುಮ್ಮನಾಯಿತು, ಚೀಟಿಯಲ್ಲಿ ಮಾತ್ರ ಎಡಗಣ್ಣೇ ಬಂತು. ಹಾಗಾದರೆ ಮೊದಲು ಬರೆದದ್ದೇ ಸರಿಯಿತ್ತೇನೋ ಎಂದು ಮತ್ತೆ ತಿರುಗಿಸಿದಳು. ಎಡಗಣ್ಣು. ಇನ್ನೊಮ್ಮೆ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು. ಕೊನೆಗೆ ಪಾಪ, ತಾನು ಊಟ ಮಾಡುವ ಕೈ ಯಾವುದೆಂದು ಎತ್ತಿ ನೋಡಿಕೊಳ್ಳುವ ಹಾಗಾಯಿತು.

ಏನೂ ತೋಚದೆ ಅವಳು ಕಂಪ್ಯೂಟರಿನಲ್ಲಿರುವ ಫೈಲುಗಳ ಪಟ್ಟಿ ತೆರೆದು ಒಂದೊಂದೇ ನೋಡುತ್ತ ಬಂದಳು. ಪ್ರೋಗ್ರಾಮಿನ ಹೆಸರಿನ ಮುಂದೆ ಕಣ್ಣು ನಿಂತಿತು. ಅದು ತಯಾರಾದ ತಾರೀಖು ಮುಂದಿನ ಗುರುವಾರದ್ದು. ಇನ್ನೂ ಎಂಟು ದಿನ ಬಿಟ್ಟು ಹುಟ್ಟಬೇಕಾದದ್ದು ಬೆಳಗಿನಿಂದ ಅವಳೆದುರು ಓಡಾಡಿಕೊಂಡಿತ್ತು! ದ್ವಾರಕಾ ತಿರುಗಿ ನೋಡಿದಳು. ರಾಯರು ಧೋತರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು.

"ಸಿಟ್ಟಾಗಬ್ಯಾಡವಾ," ಎಂದರು ರಾಯರು. "ನಿನ್ನೆ ಅಮಾಸಿ ಇತ್ತು. ಹೊಸಾ ಸಾಮಾನು ಅಮಾಸಿ ದಿನ ಕೂಡಸಬಾರದು ಅಂದ್ರ ನೀ ಕೇಳಲಿಲ್ಲ. ನೀ ಚಹಾ ಮಾಡಾಕ ಹೋದಾಗ ಛಲೋ ದಿನ ಅಂತ ಮಷಿನ್ನಿನ ತಾರೀಖ ಮುಂದಿನ ಗುರುವಾರಕ್ಕ ಇಟ್ಟೆ. ಇವತ್ತ ಮುಂಜಾನಿ ಮತ್ತ ಸರಿ ಮಾಡೀನಿ. ಬ್ಯಾರೆ ಏನೂ ಮುಟ್ಟಿಲ್ಲ, ದೇವರಾಣಿ."

ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ ದಿನಾ ಬೆಳಿಗ್ಗೆ ಯಂತ್ರಕ್ಕೆ ತಾರೀಖು ಕೊಡುವ ಕೆಲಸ ಅವರದೇ ಇತ್ತು. ಆ ಒಂದು ವಿದ್ಯೆ ಮರೆತಿರಲಿಲ್ಲ. ದ್ವಾರಕಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಂಪೈಲರು ನೋಡುವುದು ತಾರೀಖನ್ನೇ. ಕೋಡು ಪ್ರೋಗ್ರಾಮಿಗಿಂತ ಹೊಸದಿದ್ದರೆ ಮತ್ತೆ ಕಟ್ಟುತ್ತದೆ, ಹಳೆಯದಿದ್ದರೆ ಮುಟ್ಟುವುದಿಲ್ಲ. ಇಂದು ಏನು ತಿದ್ದಿದರೂ ಮುಂದಿನ ಗುರುವಾರದ ಮುಂದೆ ಅದು ಹಳೆಯದೇ. ಹಟ್ಟಿಯಲ್ಲಿ ಹಸು ಇಲ್ಲದೆ ಬೆಳಗಿನಿಂದ ಹಾಲು ಕರೆದ ಹಾಗಾಗಿತ್ತು ಅವಳ ಕತೆ.

ಹಳೆಯ ಪ್ರೋಗ್ರಾಂ ಅಳಿಸಿದಳು. ಈ ಸಲ ಕಂಪೈಲರು ನಿಜಕ್ಕೂ ಕೆಲಸಕ್ಕೆ ಕೂತಿತು, ಸಾಲಿನ ಮೇಲೆ ಸಾಲು ಓಡಿದವು. ರಾಯರು ಎದ್ದು ಬಂದು ಪ್ರಿಂಟರಿನ ಪಕ್ಕ ನಿಂತರು. ಚೀಟಿ ಬಂತು. ಎಡಗಣ್ಣು. ದ್ವಾರಕಾ ಬೆರಳು ಮಡಚಿ ಎಣಿಸಿದಾಗ ಲೆಕ್ಕ ಹತ್ತಿತು: ನಾಲ್ಕು ಸಲ ತಿರುಗಿಸಿ ತಿರುಗಿಸಿ, ಮೊದಲಿನ ತಪ್ಪಿಗೇ ತಂದು ನಿಲ್ಲಿಸಿದ್ದಳು. ಇನ್ನೊಮ್ಮೆ ತಿದ್ದಿದಳು, ಕಟ್ಟಿಸಿದಳು. ಬಲಗಣ್ಣು ಎಂದು ಬಂತು. ಪಟ್ಟಿಗೆ ತಾಳೆ ನೋಡುತ್ತ ನಲವತ್ಮೂರು ಚೀಟಿ ಮುಗಿಸುವಷ್ಟರಲ್ಲಿ ಮೂರೂಕಾಲು.

ರಾಯರು ಚೀಲ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿದರು. ದ್ವಾರಕಾ ಚೀಟಿಗಳ ಕಟ್ಟು ಕೊಟ್ಟಳು, ಆದರೆ ಕೈ ಬಿಡಲಿಲ್ಲ. ಕಟ್ಟಿನಲ್ಲಿದ್ದದ್ದು ಸರಿಯೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಇವತ್ತು ಅವಳಿಗೆ ತನ್ನ ಮೇಲೆಯೇ ನಂಬಿಕೆ ಉಳಿದಿರಲಿಲ್ಲ. ಕೊನೆಗೆ ಕಟ್ಟು ಬಿಟ್ಟು ಒಳಗೆ ಹೋಗಿ ದೇವರ ಮುಂದಿನ ಕುಂಕುಮದ ಡಬ್ಬಿ ತಂದಳು.

"ಮಾವಾರ, ಬಾಯಿಲೆ ಹೇಳಬ್ಯಾಡ್ರಿ. ಪೊರಿ ಬಂದ ಕಣ್ಣು ಯಾವುದೋ, ಅದರ ಹುಬ್ಬಿನ ಮ್ಯಾಲ ನಿಮ್ಮ ಕೈಲೇ ಹಚ್ಚಿಕೋರಿ."

ರಾಯರು ಕಕ್ಕಾಬಿಕ್ಕಿಯಾಗಿ ಬೆರಳು ಅದ್ದಿ ಬಲಹುಬ್ಬಿನ ಮೇಲೆ ಒತ್ತಿಕೊಂಡರು. ಅವಳು ಡಬ್ಬಿಯನ್ನು ಮುಚ್ಚಿ ಅವರ ಕೈಗಿಟ್ಟಳು. ಉಳಿದ ನಲವತ್ತೆರಡು ಮಂದಿಗೂ ಹೀಗೇ ಅವರವರ ಕೈಯಿಂದಲೇ ಹಚ್ಚಿಸಿ, ಚೀಟಿಗೂ ಅದಕ್ಕೂ ತಾಳೆಯಾದ ಮೇಲೆಯೇ ಡಾಕ್ಟರ ಮುಂದೆ ಕಳಿಸಿರಿ ಎಂದಳು.

ರಾಯರು ಡಬ್ಬಿಯನ್ನೇ ನೋಡುತ್ತ ನಿಂತರು. "ಅದರಾಗ ವಿಧವಾ ಹೆಣ್ಮಕ್ಕಳು ಅದಾರಲ್ಲವಾ. ಮಂದ್ರೂಪದ ಸೋನಾಬಾಯಿ ಅದಾಳ. ಅವರ ಕೈಯಾಗ ಕುಂಕುಮ ಹ್ಯಾಂಗ ಕೊಡಲಿ?"

"ಡಾಕ್ಟರು ಕಣ್ಣು ಕೊಯ್ಯಾವ್ರು ಮಾವಾರ," ಎಂದಳು ದ್ವಾರಕಾ. "ಗಂಡ ಅದಾನೋ ಇಲ್ಲೋ ನೋಡಿ ಕೊಯ್ಯಂಗಿಲ್ಲ."